ಭೀಮೆಯ ಮಣ್ಣು, ಮಕ್ಕಳ ಕೈ
ಮನೆಯಲ್ಲಿಯೇ ಮಾಡಬಹುದಾದ ಇತಿಹಾಸದ ಕೈಕೆಲಸಗಳು

ಮಣ್ಣೆತ್ತಿನ ಅಮಾವಾಸ್ಯೆಯ ಮುನ್ನಾದಿನ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಯಾವ ಹಳ್ಳಿಗೆ ಹೋದರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಮನೆಯ ಅಂಗಳದಲ್ಲಿ ಮಕ್ಕಳು ಮಣ್ಣು ಕಲಸಿ ಎತ್ತಿನ ಜೋಡಿ ಮಾಡುತ್ತಿರುತ್ತಾರೆ. ಅಜ್ಜಿ ಪಕ್ಕದಲ್ಲಿ ಕುಳಿತು ಕೊಂಬು ತಿದ್ದುತ್ತಾಳೆ, ಹಿಣಿಲು ಕೂಡಿಸುತ್ತಾಳೆ. ಮರುದಿನ ಆ ಮಣ್ಣಿಗೇ ಪೂಜೆ, ನೈವೇದ್ಯ. ಕೈಯಿಂದ ಮಾಡಿದ್ದನ್ನು ಮನಸ್ಸು ಮರೆಯುವುದಿಲ್ಲ ಎಂಬ ಪಾಠವನ್ನು ನಮ್ಮ ಹಿರಿಯರು ಯಾವ ಪುಸ್ತಕವೂ ಇಲ್ಲದೆ ಕಲಿಸಿದ್ದಾರೆ. ಕಾಯಕವನ್ನು ಪೂಜೆಯೆಂದು ಬಗೆದ ಶರಣರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ.

ಅದೇ ಮಣ್ಣಿನಿಂದ, ಅದೇ ಕೈಗಳಿಂದ ನಮ್ಮ ನಾಡಿನ ಪ್ರಾಚೀನ ಇತಿಹಾಸವನ್ನೂ ಮಕ್ಕಳಿಗೆ ಪರಿಚಯಿಸಬಾರದೇಕೆ? ಈ ವಿಚಾರವನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದೇ ಹೊಳೆಯ ಮೂರು ತಾಲೂಕು

ಆಳಂದ ತಾಲೂಕಿನ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿ ಸೀಮೆಯನ್ನು ತೊಳೆಯುತ್ತ ಸನ್ನತಿಯ ಕಡೆಗೆ ಹರಿಯುತ್ತದೆ. ಈ ಹೊಳೆಸಾಲಿನ ನೆಲ ಸಾಮಾನ್ಯವಾದುದಲ್ಲ. ಏಕಾಂತದ ರಾಮಯ್ಯನವರು ಆಳಂದೆಯವರೆಂದು ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ ಸುಮಾರು 1200ರ ಶಾಸನ ಹೇಳುತ್ತದೆ. ‘ಅಖಂಡೇಶ್ವರ’ ಅಂಕಿತದಲ್ಲಿ 700ಕ್ಕೂ ಹೆಚ್ಚು ವಚನಗಳನ್ನು ಬರೆದ ಷಣ್ಮುಖ ಶಿವಯೋಗಿಗಳು 17ನೆಯ ಶತಮಾನದಲ್ಲಿ ಬಾಳಿದ್ದು ಜೇವರ್ಗಿಯಲ್ಲಿ. ದಾಸೋಹಮೂರ್ತಿ ಶರಣಬಸವೇಶ್ವರರು ಹುಟ್ಟಿದ್ದು ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ.

ಇಂಥ ನೆಲದಲ್ಲಿ ಬೆಳೆಯುವ ಮಗುವಿಗೆ ತನ್ನ ಊರ ಮುಂದಿನ ಕಲ್ಲು ಏನು ಹೇಳುತ್ತದೆ ಎಂಬುದು ತಿಳಿಯದಿದ್ದರೆ ಅದು ಮಗುವಿನ ತಪ್ಪಲ್ಲ. ತೋರಿಸದೆ ಹೋದ ನಮ್ಮ ತಪ್ಪು.

ತಿಳಿಯದಿದ್ದರೆ ಆಗುವ ನಷ್ಟವೆಷ್ಟು ಎಂಬುದಕ್ಕೆ ಸನ್ನತಿಯೇ ಸಾಕ್ಷಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಅದನ್ನು ತೆರವು ಮಾಡುವಾಗ ದೇವಿಯ ಪೀಠವಾಗಿದ್ದ ಕಲ್ಲಿನ ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳು! ಮೂರ್ತಿಯನ್ನು ನಿಲ್ಲಿಸಲು ಯಾವ ಕಾಲದಲ್ಲಿಯೋ ಆ ಕಲ್ಲಿನ ನಡುವೆ ಚೌಕವಾದ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಮತ್ತೆ ದೊರೆಯಲಾರವು. ಕೊರೆದವರು ದುಷ್ಟರಲ್ಲ, ದೈವಭಕ್ತರು. ಅವರಿಗೆ ಆ ಗೀರುಗಳು ಅಕ್ಷರಗಳೆಂದು ತಿಳಿದಿರಲಿಲ್ಲ, ಅಷ್ಟೆ. ಮುಂದೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಅವನ ಶಿಲ್ಪವೂ ದೊರೆತು ಲೋಕಪ್ರಸಿದ್ಧವಾಯಿತು.

ಮಕ್ಕಳ ಕಣ್ಣಿಗೆ ಅಕ್ಷರದ ಗುರುತು ಹತ್ತಲಿ ಎಂಬ ಆಶಯದಿಂದ ಕೆಳಗಿನ ನಾಲ್ಕು ಕೆಲಸಗಳನ್ನು ಸೂಚಿಸಿದ್ದೇವೆ.

1. ಮಣ್ಣಿನ ಶಾಸನ

ಕೆರೆಯ ಮಣ್ಣನ್ನು ಅಥವಾ ಹೊಲದ ಎರೆಮಣ್ಣನ್ನು ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಮರಳು, ಒಂದು ಹಿಡಿ ಹೊಟ್ಟು ಸೇರಿಸಿ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಬೇಕು. ನಾವು ಮೊದಲ ಸಲ ಬರೀ ಎರೆಮಣ್ಣಿನಲ್ಲಿ ಮಾಡಿದ ಹಲಗೆ ಎರಡನೆಯ ದಿನವೇ ಬಿರುಕು ಬಿಟ್ಟಿತು; ಮರಳು, ಹೊಟ್ಟು ಕೂಡಿಸಿದ ಮೇಲೆ ನಿಂತಿತು. ಒಂದು ಗೇಣು ಉದ್ದ, ಒಂದು ಬೆರಳು ದಪ್ಪದ ಹಲಗೆ ತಟ್ಟಿ, ಅರ್ಧ ಗಟ್ಟಿಯಾದ ಮೇಲೆ ಕಡ್ಡಿಯಿಂದ ಬರೆಯಬೇಕು. ಬಿಸಿಲಿಗೆ ಇಡದೆ ನೆರಳಿನಲ್ಲಿಯೇ ನಾಲ್ಕಾರು ದಿನ ಒಣಗಿಸಬೇಕು.

ಏನು ಬರೆಯಬೇಕು? 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿ ತಿಳಿಸಿದ ಬ್ರಾಹ್ಮಿ ಲಿಪಿಯಲ್ಲಿಯೇ ಬರೆಯಬಹುದು. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ‘ಕ’ ಎಂದರೆ ಕೂಡಿಸುವ ಲೆಕ್ಕದ ಗುರುತು. ‘ಗ’ ಎಂದರೆ ಗುಡಿಸಲ ಮಾಡಿನಂತೆ ಇಳಿಜಾರಾದ ಎರಡು ಗೆರೆ. ‘ನ’ ಎಂದರೆ ಅಡ್ಡಗೆರೆಯ ನಡುವೆ ನಿಲ್ಲಿಸಿದ ಒಂದು ಉದ್ದಗೆರೆ. ‘ಠ’ ಎಂದರೆ ದುಂಡನೆಯ ವೃತ್ತ. ‘ಮ’ ಎಂದರೆ ಮೇಲೆ ಎರಡು ಕೊಂಬುಳ್ಳ ವೃತ್ತ. ಥೇಟು ಮಣ್ಣೆತ್ತಿನ ತಲೆ! ಇಷ್ಟು ಐದೇ ಅಕ್ಷರಗಳಿಂದ ‘ಕನಕ’, ‘ಗಗನ’, ‘ಮಠ’ ಎಂಬ ಮಾತುಗಳನ್ನು ಮಗು ಅರ್ಧ ಗಂಟೆಯಲ್ಲಿ ಬರೆಯಬಲ್ಲದು. ನಮ್ಮ ಇಂದಿನ ಕನ್ನಡ ಲಿಪಿಯೂ ಈ ಬ್ರಾಹ್ಮಿಯಿಂದಲೇ ಬೆಳೆದು ಬಂದುದೆಂದು ಆಗ ಹೇಳಿದರೆ ಅದು ಮನಸ್ಸಿನಲ್ಲಿ ನಾಟುತ್ತದೆ.

2. ಶಾಸನದ ಪಡಿಯಚ್ಚು

ವಿದ್ವಾಂಸರು ಶಾಸನವನ್ನು ಓದುವ ಮೊದಲು ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು ಅಕ್ಷರಗಳ ತಗ್ಗಿಗೆ ಇಳಿಸುತ್ತಾರೆ. ಬಳಿಕ ಮಸಿ ಒತ್ತಿದಾಗ ಸುತ್ತಲಿನ ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಮಕ್ಕಳು ತಾವೇ ಮಾಡಿದ ಮಣ್ಣಿನ ಹಲಗೆ ಪೂರ್ತಿ ಒಣಗಿದ ಮೇಲೆ ತೆಳುವಾದ ಕಾಗದವಿಟ್ಟು, ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಹಗುರಾಗಿ ಉಜ್ಜಲಿ. ತಾವು ಬರೆದ ‘ಮಠ’ ಕಾಗದದ ಮೇಲೆ ಬೆಳ್ಳಗೆ ಮೂಡಿದಾಗ ಅವರಿಗಾಗುವ ಸಂತೋಷವನ್ನು ನೋಡಿಯೇ ತಿಳಿಯಬೇಕು.

ಒಂದು ಎಚ್ಚರಿಕೆ: ನಿಜವಾದ ಶಾಸನದ ಮೇಲೆ ಈ ಪ್ರಯೋಗ ಕೂಡದು. ಅದು ಬಲ್ಲವರ ಕೆಲಸ.

3. ವೀರಗಲ್ಲು

ಅಂಥದೇ ಮಣ್ಣಿನ ಎತ್ತರವಾದ ಹಲಗೆಯನ್ನು ಮೂರು ಅಂತಸ್ತುಗಳಾಗಿ ವಿಭಾಗಿಸಬೇಕು. ಕೆಳಗೆ ವೀರನು ಹೋರಾಡುವ ನೋಟ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಮಡಿದವನಾದರೆ ಪಕ್ಕದಲ್ಲಿ ಎರಡು ಆಕಳು. ನಡುವೆ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಅದರ ಮುಂದೆ ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೆ ಈ ಕೀರ್ತಿ ಉಳಿಯಲಿ ಎಂಬುದು ಅದರ ಅರ್ಥ. ಇದನ್ನು ಮಾಡಿದ ಮಗು ಊರ ಅಗಸಿಯ ಬಳಿಯ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಕಥೆಯಂತೆ ಓದಬಲ್ಲದು.

4. ಓಲೆಗರಿಯ ಕಟ್ಟು

ನಮ್ಮ ಸಮಾಜಕ್ಕೆ ಅತ್ಯಂತ ಹತ್ತಿರವಾದ ಕೆಲಸವಿದು. ವಚನಗಳು ನಮ್ಮ ತನಕ ನಡೆದು ಬಂದದ್ದೇ ತಾಳೆಯ ಗರಿಗಳ ಮೇಲೆ. ಗರಿಯನ್ನು ಹದಗೊಳಿಸಿ, ಒಣಗಿಸಿ, ನಯಮಾಡಿ, ಕಂಟವೆಂಬ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದರು. ಅನಂತರ ಕಾಡಿಗೆ ಸವರಿ ಒರೆಸಿದರೆ ಕೊರೆದಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು.

ಮನೆಯಲ್ಲಿ ಹೀಗೆ ಮಾಡಬಹುದು. ದಪ್ಪನೆಯ ಡ್ರಾಯಿಂಗ್ ಹಾಳೆಯನ್ನು 12 ಅಂಗುಲ ಉದ್ದ, 2 ಅಂಗುಲ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಚಹದ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಗರಿಯ ಬಣ್ಣ ಬರುತ್ತದೆ. ಎರಡೂ ಮಗ್ಗುಲಿಗೆ ಮೇಣಬತ್ತಿಯನ್ನು ಚೆನ್ನಾಗಿ ಉಜ್ಜಬೇಕು. ಮಸಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಬರೆದು, ದೀಪದ ಕಾಡಿಗೆಯನ್ನು ಬಟ್ಟೆಯಿಂದ ಸವರಿ, ಬೇರೊಂದು ಬಟ್ಟೆಯಿಂದ ಒರೆಸಿದರೆ ಅಕ್ಷರಗಳು ಎದ್ದು ಕಾಣುತ್ತವೆ. ಎರಡು ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ರಟ್ಟಿನ ಹಲಗೆಯಿಟ್ಟು ಕಟ್ಟಿದರೆ ಓಲೆಯ ಕಟ್ಟು ಸಿದ್ಧ. ಅದರಲ್ಲಿ ಮಗುವಿಗೆ ಬಾಯಿಪಾಠವಾದ ಒಂದು ವಚನವನ್ನೂ, ಅಜ್ಜ ಅಜ್ಜಿಯರನ್ನು ಕೇಳಿ ತಿಳಿದ ಏಳು ತಲೆಮಾರಿನ ಹೆಸರುಗಳನ್ನೂ ಬರೆಸಿರಿ. ಒಂದು ಗರಿ ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ. ಸಾವಿರಾರು ಗರಿಗಳನ್ನು ಬರೆದ ಹಿರಿಯರ ಶ್ರಮ ಆಗ ಮಗುವಿಗೆ ತಾನಾಗಿಯೇ ಅರ್ಥವಾಗುತ್ತದೆ.

ಜಗಲಿಯ ಮೇಲಿನ ಗಂಟು

ಈ ಕೊನೆಯ ಕೆಲಸದ ಹಿಂದೆ ನಮ್ಮದೊಂದು ಕಳಕಳಿಯಿದೆ. ಅನೇಕ ಮನೆಗಳಲ್ಲಿ ದೇವರ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಓಲೆಯ ಕಟ್ಟುಗಳಿವೆ. ವರುಷಕ್ಕೊಮ್ಮೆ ವಿಭೂತಿ ಹಚ್ಚಿ ಪೂಜಿಸುತ್ತೇವೆ, ಬಿಚ್ಚಿ ನೋಡುವುದಿಲ್ಲ. ಮನೆ ಹೊಸದಾಗಿ ಕಟ್ಟಿಸುವಾಗ ಪವಿತ್ರವಸ್ತುವೆಂದು ಹೊಳೆಗೆ ಬಿಟ್ಟು ಕೈಮುಗಿಯುವವರೂ ಇದ್ದಾರೆ. ಡಾ. ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಹುಡುಕುತ್ತ ಊರೂರು ಅಲೆದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. ಅಚ್ಚಿನ ಮನೆಗಾಗಿ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿದರು. ಅವರಿಗೆ ಕಟ್ಟುಗಳನ್ನು ಕೊಟ್ಟ ಮನೆಗಳು ಅಂದು ಹೊಳೆಗೆ ಬಿಟ್ಟಿದ್ದರೆ ಇಂದು ನಮ್ಮ ಬಾಯಲ್ಲಿ ಎಷ್ಟು ವಚನಗಳು ಉಳಿಯುತ್ತಿದ್ದವು?

ಆದ್ದರಿಂದ ಮನೆಯಲ್ಲಿ ಓಲೆಯ ಕಟ್ಟಿದ್ದರೆ ಅದನ್ನು ನೀರಿನಿಂದ ತೊಳೆಯಬೇಡಿರಿ, ಮುರುಟಿದ ಗರಿಯನ್ನು ಬಲವಂತವಾಗಿ ಬಿಡಿಸಬೇಡಿರಿ. ನಿಮ್ಮ ಮಠದ ಗುರುಗಳಿಗೆ, ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ತಿಳಿಸಿರಿ. ಊರ ಶಾಸನಕ್ಕೆ ಸುಣ್ಣ, ಎಣ್ಣೆಬಣ್ಣ ಬಳಿಯುವವರಿಗೆ ವಿನಯದಿಂದ ತಿಳಿಹೇಳಿರಿ.

ಮುಂದಿನ ರಜೆಯಲ್ಲಿ ಒಂದು ವಾರವನ್ನು ಮಕ್ಕಳೊಡನೆ ಈ ಕೆಲಸಕ್ಕೆ ಮೀಸಲಿಡಿರಿ. ಮಣ್ಣಿನ ಹಲಗೆ ಒಡೆಯಬಹುದು, ಕಾಗದದ ಗರಿ ಹರಿಯಬಹುದು, ಅದಕ್ಕೆ ಚಿಂತೆಯಿಲ್ಲ. ಆ ಮಗು ದೊಡ್ಡದಾಗಿ ಒಂದು ದಿನ ಹಾಳು ಗುಡಿಯ ಕಲ್ಲನ್ನು ನೋಡಿ “ನಿಲ್ಲಿ, ಇದರ ಮೇಲೆ ಅಕ್ಷರಗಳಿವೆ” ಎಂದರೆ ಸಾಕು. ನಾವು ಕಲಸಿದ ಮಣ್ಣು ಸಾರ್ಥಕವಾದಂತೆ.