ಪ್ರಶ್ನೆ ಕೇಳುವುದಕ್ಕೂ ಹಣ ಬೇಕು

ಕಾಲುವೆ ತೋಡುವುದಕ್ಕೆ ಹಣ ಬೇಕೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಕಾಲುವೆ ಬಂದಮೇಲೆ ಊರು ಏನಾಯಿತು, ಲಾಭ ಯಾರ ಮನೆ ಸೇರಿತು, ಯಾರ ಮಗ ಕೂಲಿಯಾಗಿಯೇ ಉಳಿದ ಎಂಬುದನ್ನು ತಿಳಿಯುವುದಕ್ಕೂ ಹಣ ಬೇಕೆಂದರೆ ಅನೇಕರು ಹುಬ್ಬೇರಿಸುತ್ತಾರೆ. ಬಡ ದೇಶವೊಂದು ತನ್ನ ಅಲ್ಪ ಹಣವನ್ನು ಎಲ್ಲಿ ಸುರಿದರೆ ಹೆಚ್ಚು ಜನರ ಬಾಳು ಹಸನಾದೀತು ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸುವುದೇ ಆರ್ಥಿಕ ಬೆಳವಣಿಗೆಯ ನೀತಿಯ ಸಂಶೋಧನೆ. ಇದಕ್ಕೆ ಬೇಕಾದುದು ಕಟ್ಟಡ, ಯಂತ್ರಗಳಲ್ಲ. ಊರೂರು ಸುತ್ತಿ ಲೆಕ್ಕ ಬರೆಯುವವರ ಸಂಬಳ, ಬಸ್ಸಿನ ಖರ್ಚು, ಎಲ್ಲಕ್ಕಿಂತ ಮಿಗಿಲಾಗಿ ವರುಷಗಳ ಕಾಲಾವಕಾಶ ಬೇಕು. ಒಂದು ಅಣೆಕಟ್ಟೆಯ ವೆಚ್ಚದ ಮುಂದೆ ಇದು ಏನೂ ಅಲ್ಲ. ಆದರೂ ಈ ಏನೂ ಅಲ್ಲದ ಹಣವನ್ನು ಕೊಡುವವರು ಯಾರೆಂಬುದರ ಮೇಲೆ, ಕೇಳಲ್ಪಡುವ ಪ್ರಶ್ನೆ ಯಾವುದೆಂಬುದು ನಿಂತಿದೆ.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆಗಿನ್ನೂ ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರ ಸಲಹೆಯಂತೆ, ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾಯಿತು. ವಿದ್ಯಾಭ್ಯಾಸ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಭಾಗಗಳಲ್ಲಿ ಸಮಿತಿಗಳು ಕುಳಿತು ಸಂಸ್ಥಾನದ ಸ್ಥಿತಿಗತಿಗಳನ್ನು ವಿಚಾರಿಸಿದವು. ಖರ್ಚು ಸರ್ಕಾರದ್ದು. 1913ರ ಮೈಸೂರು ಬ್ಯಾಂಕು, 1916ರ ಮೈಸೂರು ವಿಶ್ವವಿದ್ಯಾನಿಲಯ ಇವುಗಳ ಹಿಂದೆ ಆ ಚರ್ಚೆಗಳ ಪಾಲು ಇದೆ.

ಆದರೆ ಸಮಿತಿ ಕುಳಿತು ಯೋಚಿಸುವುದು ಬೇರೆ, ಊರಿಗೆ ಹೋಗಿ ನೋಡುವುದು ಬೇರೆ. ಈ ಭೇದವನ್ನು ತಿಳಿಯಲು ಮಂಡ್ಯಕ್ಕೆ ಹೋಗಬೇಕು. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬಾಕೆ ವಿಯೆನ್ನಾದಲ್ಲಿ ಹುಟ್ಟಿ, ನಿರಾಶ್ರಿತಳಾಗಿ ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. 1954ರಲ್ಲಿ ಮಂಡ್ಯದ ಬಳಿ ಎರಡು ಹಳ್ಳಿಗಳನ್ನು ಆರಿಸಿಕೊಂಡು ಸುಮಾರು ಎರಡು ವರುಷ ಅಲ್ಲಿಯೇ ಬಾಳಿದರು. ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳು. ವಿಶ್ವೇಶ್ವರಯ್ಯ ನಾಲೆಯ ನೀರು ಒಂದು ಊರಿನ ಹೊಲಗಳಿಗೆ ಹರಿದಿತ್ತು. ಇನ್ನೊಂದರ ಭೂಮಿ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಖುಷ್ಕಿಯಾಗಿಯೇ ಉಳಿದಿತ್ತು. ನೀರು ಬಂದ ಊರು ಮುಂದುವರಿಯಿತು, ಬಾರದ ಊರು ಹಿಂದುಳಿಯಿತು ಎಂದು ನಾವು ನೀವೆಲ್ಲ ಊಹಿಸುತ್ತೇವೆ. ಎಪ್ಸ್ಟೈನ್ ಕಂಡದ್ದು ಅಷ್ಟು ಸುಲಭದ ಕಥೆಯಲ್ಲ. ನೀರಾವರಿಯ ಊರಿನಲ್ಲಿ ಕಬ್ಬು ಬಂತು, ಹಣ ಬಂತು. ಆದರೆ ಜನ ಬೇಸಾಯದಲ್ಲೇ ಇದ್ದರು, ಒಕ್ಕಲಿಗರಿಗೂ ದಲಿತ ಆಳುಗಳಿಗೂ ಇದ್ದ ಹಳೆಯ ಸಂಬಂಧವು ಬಹುಮಟ್ಟಿಗೆ ಹಾಗೆಯೇ ನಿಂತಿತು. ಒಣ ಊರಿನವರು ಸುತ್ತಣ ನೀರಾವರಿ ಸೀಮೆಯ ಏಳಿಗೆಯಲ್ಲಿ ಪಾಲು ಪಡೆಯಲು ಊರ ಹೊರಗೆ ಹೊರಟರು. ಮಂಡ್ಯದಲ್ಲಿ ನೌಕರಿ ಹಿಡಿದರು, ವ್ಯಾಪಾರ ಗುತ್ತಿಗೆಗಳಿಗೆ ಕೈಹಾಕಿದರು. ಹಳೆಯ ಕಟ್ಟುಗಳು ಸಡಿಲವಾದುದು ಅಲ್ಲಿ.

1962ರಲ್ಲಿ ಈ ಪುಸ್ತಕ ಅಚ್ಚಾಯಿತು. 1970ರಲ್ಲಿ ಆಕೆ ಮತ್ತೆ ಬಂದು ಅದೇ ಊರುಗಳನ್ನು ನೋಡಿ 1973ರಲ್ಲಿ ಇನ್ನೊಂದನ್ನು ಬರೆದರು. 1998ರಲ್ಲಿ ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇವರೊಡನೆ ಸೇರಿ ನಲವತ್ತು ವರುಷಗಳ ಬದಲಾವಣೆಯನ್ನು ಕುರಿತು ಮತ್ತೊಂದು ಪುಸ್ತಕ ಹೊರಬಂತು. ಆರು ತಿಂಗಳಲ್ಲಿ ವರದಿ ಕೊಡಿ ಎಂದು ಆಜ್ಞೆ ಮಾಡುವ ಯಾವ ಇಲಾಖೆಯೂ ಇಂಥ ಕೆಲಸವನ್ನು ಮಾಡಿಸಲಾರದು. ನಮ್ಮ ಮಂಡ್ಯವನ್ನು ನೋಡಲು ಮ್ಯಾಂಚೆಸ್ಟರಿನಿಂದ ಬರಬೇಕಾಯಿತಲ್ಲ ಎಂಬ ಸಂಕೋಚವೂ ಇದನ್ನು ಓದುವಾಗ ಆಗುತ್ತದೆ.

ಆ ಸಂಕೋಚವನ್ನು ನೀಗಿಸಲು ಯತ್ನಿಸಿದವರು ಡಾ. ವಿ. ಕೆ. ಆರ್. ವಿ. ರಾವ್. 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ವರಮಾನವನ್ನು ಲೆಕ್ಕಹಾಕಿ, ತಲಾ ವರಮಾನ ವರುಷಕ್ಕೆ 62 ರೂಪಾಯಿ ಎಂದು ತೋರಿಸಿದವರು ಇವರೇ. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ಜಿಲ್ಲೆಯ ಎಂ. ಎನ್. ಶ್ರೀನಿವಾಸರೂ ಅದರಲ್ಲಿ ಕೈಜೋಡಿಸಿದರು. ನಾಗರಭಾವಿಯಲ್ಲಿರುವ ಈ ಸಂಸ್ಥೆಗೆ ಒಂದು ಕಡೆ ಕೇಂದ್ರದ ಸಮಾಜ ವಿಜ್ಞಾನ ಸಂಶೋಧನಾ ಮಂಡಲಿ, ಇನ್ನೊಂದು ಕಡೆ ಕರ್ನಾಟಕ ಸರ್ಕಾರ ಅನುದಾನ ನೀಡುತ್ತವೆ. ಅದರ ಜನಸಂಖ್ಯಾ ಕೇಂದ್ರಕ್ಕೆ ಆರೋಗ್ಯ ಮಂತ್ರಾಲಯ, ಕೃಷಿ ಅಧ್ಯಯನ ಕೇಂದ್ರಕ್ಕೆ ಕೃಷಿ ಮಂತ್ರಾಲಯ ಹಣ ಕೊಡುತ್ತವೆ. ಎರಡು ಮೂರು ಕೈಗಳಿಂದ ಹಣ ಬರುವುದು ಮೇಲು; ಒಂದು ಕೈ ಮುಚ್ಚಿದರೂ ಬಾಯಿ ಮುಚ್ಚುವುದಿಲ್ಲ.

ಒಂದೇ ಕೈಯನ್ನು ನಂಬಿದರೆ ಏನಾದೀತೆಂಬುದಕ್ಕೆ ದೃಷ್ಟಾಂತಗಳಿವೆ. ಕುಟುಂಬಗಳ ಖರ್ಚುವೆಚ್ಚವನ್ನು ಕುರಿತ 2017-18ರ ರಾಷ್ಟ್ರೀಯ ಸಮೀಕ್ಷೆಯ ಫಲಿತಾಂಶವನ್ನು, ಅಂಕಿಗಳ ಗುಣಮಟ್ಟ ಸರಿಯಿಲ್ಲವೆಂಬ ಕಾರಣ ಹೇಳಿ, ಕೇಂದ್ರ ಸರ್ಕಾರ 2019ರಲ್ಲಿ ತಡೆಹಿಡಿಯಿತು. ತತ್ಫಲವಾಗಿ 2011-12ರ ನಂತರ 2022-23ರ ಸಮೀಕ್ಷೆಯವರೆಗೆ, ಬಡತನ ಎಷ್ಟು ಇಳಿಯಿತೆಂದು ಹೇಳಲು ವಿದ್ವಾಂಸರು ಅಡ್ಡದಾರಿಗಳಲ್ಲಿ ಲೆಕ್ಕಹಾಕಬೇಕಾಯಿತು. ಪರದೇಶದ ಕೈಯೂ ಇಷ್ಟೇ. ನಮ್ಮ ಮೊದಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ನಡೆದದ್ದು ಅಮೆರಿಕದ ನೆರವಿನಿಂದ. ಅನೇಕ ಬಡ ದೇಶಗಳಲ್ಲಿ ಅಂಥದೇ ಸಮೀಕ್ಷೆಗಳನ್ನು ಅದೇ ನೆರವು ನಡೆಸುತ್ತಿತ್ತು. 2025ರಲ್ಲಿ ಅಮೆರಿಕ ಸರ್ಕಾರ ಮನಸ್ಸು ಬದಲಾಯಿಸಿದೊಡನೆ ಆ ಕಾರ್ಯಕ್ರಮವೇ ನಿಂತುಹೋಯಿತು.

ಈಗ ನಮ್ಮ ಸೀಮೆಗೆ ಬರೋಣ. ಗಾವಡಗೆರೆ ಹೋಬಳಿಯಲ್ಲಿ, ಒಟ್ಟಾರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ಹೊಗೆಸೊಪ್ಪು ರೈತನ ಕೈಗೆ ರೊಕ್ಕ ತರುವ ಬೆಳೆ. ತಂಬಾಕು ಮಂಡಲಿ 1976ರಲ್ಲಿ ಹುಟ್ಟಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಆರಂಭವಾಯಿತು. ಹುಣಸೂರಿನಲ್ಲಿ ತಂಬಾಕಿನ ಸಂಶೋಧನಾ ಕೇಂದ್ರವಿದೆ. ಯಾವ ತಳಿ, ಎಷ್ಟು ಗೊಬ್ಬರ, ಬ್ಯಾರನ್ನಿಗೆ ಸೌದೆ ಉಳಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆ ಹಣವಿದೆ, ಏಕೆಂದರೆ ಆ ಉತ್ತರಗಳಿಗೆ ಕೊಳ್ಳುವವರಿದ್ದಾರೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಸೊಪ್ಪಿನ ಹಣದಿಂದಲೇ ನಾನು ಓದುತ್ತಿರುವುದು. ಆದರೆ ತಂಬಾಕು ನಿಯಂತ್ರಣದ ವಿಶ್ವ ಒಡಂಬಡಿಕೆಗೆ ಭಾರತವು 2004ರಲ್ಲಿ ಒಪ್ಪಿಗೆ ಕೊಟ್ಟಿದೆ, ಅದರ 17ನೆಯ ವಿಧಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯವನ್ನು ಒದಗಿಸಬೇಕೆನ್ನುತ್ತದೆ. ಹಾಗಾದರೆ ಈ ಬೆಳೆ ಇಳಿದ ದಿನ ನಮ್ಮ ಊರು ವಂಗಲದ ಹಾದಿ ಹಿಡಿದೀತೆ, ದಲೇನದ ಹಾದಿಯೆ? ಮೈಸೂರಿನ ಕಾರ್ಖಾನೆಗಳಿಗೆ ಬಸ್ಸು ಹತ್ತುವವರು ಯಾರು, ಊರಲ್ಲೇ ಉಳಿಯುವವರು ಯಾರು? ಸೊಪ್ಪು ಹೆಣೆಯುವ ಹೆಂಗಸರ ಕೂಲಿಗೆ ಬದಲು ಯಾವುದು? ಇವು ತಳಿಯ ಪ್ರಶ್ನೆಗಳಲ್ಲ, ಬೆಳವಣಿಗೆಯ ಪ್ರಶ್ನೆಗಳು. ಇವಕ್ಕೆ ಸುಲಭವಾಗಿ ಗಿರಾಕಿ ಸಿಗುವುದಿಲ್ಲ.

ಕೆಲವು ವರುಷಗಳ ಹಿಂದೆ ನಮ್ಮ ಮನೆಗೆ ಇಬ್ಬರು ನಮೂನೆಗಳ ಕಟ್ಟು ಹಿಡಿದು ಬಂದಿದ್ದರು. ಜಮೀನೆಷ್ಟು, ಸೌದೆಯೆಷ್ಟು, ಸಾಲ ಯಾರಲ್ಲಿ ಎಂದೆಲ್ಲ ಕೇಳಿದರು. ತಂದೆಯವರು ತಾಳ್ಮೆಯಿಂದ ಉತ್ತರ ಹೇಳಿ ಕೊನೆಗೆ, “ಇದನ್ನೆಲ್ಲ ಕೇಳಿಕೊಂಡು ಬರಲು ನಿಮಗೆ ಸಂಬಳ ಕೊಡೋರು ಯಾರು?” ಎಂದರು. ಬಂದವರು ನಕ್ಕು, “ಮೇಲಿನವರು” ಎಂದರು. ಅರ್ಥಶಾಸ್ತ್ರದ ತರಗತಿಗಳಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಬರೆದುಕೊಂಡುಹೋದುದರಲ್ಲಿ ನಮಗೆ ತಿಳಿಯುವಂತೆ ಒಂದು ಹಾಳೆಯೂ ಹಿಂದಿರುಗಲಿಲ್ಲ. ಹಣ ಕೊಡುವವರು ಲೆಕ್ಕಪತ್ರ ಕೇಳುವಾಗ, ಉತ್ತರ ಕೊಟ್ಟ ಊರಿಗೆ ಕನ್ನಡದಲ್ಲಿ ಫಲಿತಾಂಶ ತಲುಪಿತೇ ಎಂಬುದನ್ನೂ ಕೇಳಿದರೆ ನನಗೆ ನ್ಯಾಯವೆನಿಸುತ್ತದೆ.

ಕಾವೇರಿಯ ನಾಲೆಗಳಿಂದ ಭತ್ತ ಬೆಳೆಯುವ ಕೃಷ್ಣರಾಜನಗರದ ಒಂದು ಊರು, ಮಳೆ ನಂಬಿದ ಗಾವಡಗೆರೆ ಹೋಬಳಿಯ ಒಂದು ಊರು. ಇವೆರಡನ್ನು ಜೊತೆಯಾಗಿ ನೋಡುವ ಕೆಲಸಕ್ಕೆ ಮ್ಯಾಂಚೆಸ್ಟರಿನವರೇ ಬರಬೇಕಾಗಿಲ್ಲ. ಮೊದಲ ಮನೆಪಟ್ಟಿಯನ್ನು ನಮ್ಮಂಥ ಕಾಲೇಜಿನ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ, ಅಧ್ಯಾಪಕರ ಮಾರ್ಗದರ್ಶನದಲ್ಲಿ, ಊಟ ಮತ್ತು ಬಸ್ ಚಾರ್ಜಿನ ಖರ್ಚಿನಲ್ಲಿ ಮಾಡಿಯಾರು. ಕಷ್ಟವಿರುವುದು ಅನಂತರ. ನಾವು ಪದವಿ ಪಡೆದು ಚದರಿಹೋಗುತ್ತೇವೆ. ಆ ಪಟ್ಟಿಯ ಪುಸ್ತಕಗಳನ್ನು ಹತ್ತು ವರುಷ ಬೀರುವಿನಲ್ಲಿ ಜೋಪಾನವಾಗಿಟ್ಟು, ಮತ್ತೆ ಅದೇ ಮನೆಗಳ ಬಾಗಿಲಿಗೆ ಒಬ್ಬರನ್ನು ಕಳುಹಿಸಲು ಬೇಕಾದ ಹಣವನ್ನು ಇಂದೇ ತೆಗೆದಿಡುವವರು ಬೇಕು.