ಒಂದೇ ತಂತ್ರಾಂಶ, ಹಲವು ಜಾಲತಾಣ: ಓದುಗನ ದಾರಿ ತಪ್ಪದಿರಲು ಏನು ಮಾಡಬೇಕು?

ಮಂಗಳೂರಿನ ಬಲ್ಮಠದಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಷನ್ ಮುದ್ರಣಾಲಯ ಒಂದೇ ಭಾಷೆಗೆ ಮೀಸಲಾಗಿರಲಿಲ್ಲ. 1872ರಲ್ಲಿ ಗುಂಡರ್ಟರ ಮಲಯಾಳಂ ನಿಘಂಟು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಈ ಮಿಷನ್ನಿನ ಮೂಲಕವೇ ಬೆಳಕು ಕಂಡವು. ಕಾರ್ಯಾಲಯ ಒಂದೇ, ಭಾಷೆ ಮತ್ತು ಓದುಗರು ಬೇರೆ.

ಅಂತರ್ಜಾಲದಲ್ಲಿಯೂ ಇಂಥದೇ ವ್ಯವಸ್ಥೆಯಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2015ರ ಕೊಂಕಣಿ ವಿಕಿಪೀಡಿಯ, 2016ರ ತುಳು ವಿಕಿಪೀಡಿಯ ಈ ಮೂರೂ ನಡೆಯುತ್ತಿರುವುದು ‘ಮೀಡಿಯಾವಿಕಿ’ ಎಂಬ ಒಂದೇ ತಂತ್ರಾಂಶದ ಮೇಲೆ.

ಓದುಗನು ಬ್ರೌಸರ್‌ನಲ್ಲಿ ವಿಳಾಸ ಬರೆದೊಡನೆ ಆ ಕೋರಿಕೆ ಸರ್ವರ್‌ಗೆ ತಲುಪುತ್ತದೆ. ಯಾವ ವಿಳಾಸಕ್ಕೆ ಯಾವ ಕೆಲಸ ಎಂದು ಸೂಚಿಸುವ ನಿಯಮವೇ ‘ರೂಟ್’. ಆ ಕೆಲಸವನ್ನು ನಡೆಸಿ ಪುಟವನ್ನು ಒದಗಿಸುವ ಭಾಗ ‘ಕಂಟ್ರೋಲರ್’. ವಿಕಿಪೀಡಿಯದಲ್ಲಿ ವಿಳಾಸದ ಆರಂಭದಲ್ಲಿರುವ ಭಾಷಾ ಸಂಕೇತವನ್ನು ನೋಡಿ, ತಾಣ ಯಾವುದೆಂಬುದು ಮೊದಲ ಹಂತದಲ್ಲಿಯೇ ತೀರ್ಮಾನವಾಗುತ್ತದೆ. ಅದಕ್ಕೆ ತಕ್ಕ ದತ್ತಾಂಶ ಸಂಗ್ರಹ ಆಯ್ಕೆಯಾಗುತ್ತದೆ. ಎಲ್ಲ ತಾಣಗಳಿಗೂ ಅನ್ವಯಿಸುವ ಸಾಮಾನ್ಯ ಸೆಟ್ಟಿಂಗ್‌ಗಳಿದ್ದು, ತಾಣವೊಂದಕ್ಕೆ ಬೇಕಾದ ವ್ಯತ್ಯಾಸಗಳನ್ನು ಮಾತ್ರ ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ. ಲೇಖನ ತೋರಿಸುವ, ತಿದ್ದುವ, ಹುಡುಕುವ ಮೂಲ ಕೋಡ್ ಎಲ್ಲರಿಗೂ ಒಂದೇ.

ಪತ್ರಿಕಾ ಸಂಸ್ಥೆಯೊಂದು ದೈನಿಕ, ವಾರಪತ್ರಿಕೆ ಮತ್ತು ಸಿನಿಮಾ ಪುರವಣಿಗೆ ಮೂರು ಜಾಲತಾಣ ನಡೆಸುತ್ತದೆ ಎಂದುಕೊಳ್ಳೋಣ. ಮೂರಕ್ಕೂ ಕೋಡಿನ ಪ್ರತ್ಯೇಕ ಪ್ರತಿ ಮಾಡಿಕೊಂಡರೆ ಆರಂಭದಲ್ಲಿ ಸುಲಭವೆನಿಸುತ್ತದೆ. ಆದರೆ ಭದ್ರತಾ ದೋಷವೊಂದು ಕಂಡುಬಂದಾಗ ಮೂರು ಕಡೆ ತಿದ್ದಬೇಕು. ಒಂದು ಕಡೆ ಮರೆತರೂ ಬಾಗಿಲು ತೆರೆದೇ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರತಿ ಕಂಟ್ರೋಲರ್‌ನಲ್ಲಿಯೂ ‘ಇದು ದೈನಿಕವಾದರೆ ಹೀಗೆ, ವಾರಪತ್ರಿಕೆಯಾದರೆ ಹಾಗೆ’ ಎಂದು ಬರೆಯುತ್ತ ಹೋದರೆ, ನಾಲ್ಕನೆಯ ತಾಣ ಬಂದಾಗ ಎಲ್ಲ ಕಡತಗಳನ್ನೂ ಕೆದಕಬೇಕಾಗುತ್ತದೆ.

ಇವೆರಡರ ನಡುವಣ ದಾರಿ ಹೀಗಿದೆ. ತಾಣ ಯಾವುದೆಂಬುದನ್ನು ಬಾಗಿಲಲ್ಲೇ ಒಮ್ಮೆ ನಿರ್ಧರಿಸಬೇಕು. ಲಾಗಿನ್, ಹುಡುಕಾಟ, ಲೇಖನಗಳಂಥ ಸಾಮಾನ್ಯ ರೂಟ್‌ಗಳು ಒಂದು ಕಡತದಲ್ಲಿ, ತಾಣಕ್ಕೆ ವಿಶಿಷ್ಟವಾದವು ಅದರದೇ ಕಡತದಲ್ಲಿ ಇರಬೇಕು. ಬಹುತೇಕ ಚೌಕಟ್ಟುಗಳು ರೂಟ್‌ಗಳನ್ನು ಮೇಲಿನಿಂದ ಕೆಳಕ್ಕೆ ಹೋಲಿಸುವುದರಿಂದ, ವಿಶಿಷ್ಟ ರೂಟ್‌ಗಳು ಮೊದಲು ಬರಬೇಕು. ಇಲ್ಲವಾದರೆ ‘ಚಿತ್ರವಿಮರ್ಶೆ’ ಎಂಬ ಪುಟವನ್ನು ಕೇಳಿದವನಿಗೆ ಆ ಶೀರ್ಷಿಕೆಯ ಲೇಖನ ಇಲ್ಲವೆಂಬ ಉತ್ತರ ಸಿಗಬಹುದು. ತಾಣದಿಂದ ತಾಣಕ್ಕೆ ಬದಲಾಗುವ ಹೆಸರು, ಲಾಂಛನ, ಭಾಷೆಗಳು ಕಂಟ್ರೋಲರ್‌ನಲ್ಲಿರದೆ ಸೆಟ್ಟಿಂಗ್‌ನಲ್ಲಿರಬೇಕು.

ಅತಿ ದೊಡ್ಡ ಅಪಾಯವಿರುವುದು ಬೇರೆಡೆ. ದೈನಿಕದಲ್ಲಿ 25ನೇ ಲೇಖನವಿದ್ದಂತೆ ವಾರಪತ್ರಿಕೆಯಲ್ಲಿಯೂ 25ನೇ ಲೇಖನವಿರಬಹುದು. ವೇಗಕ್ಕಾಗಿ ಪುಟವನ್ನು ತಾತ್ಕಾಲಿಕವಾಗಿ ಕಾದಿರಿಸುವಾಗ ಸಂಖ್ಯೆಯ ಜೊತೆಗೆ ತಾಣದ ಹೆಸರನ್ನೂ ಸೇರಿಸದಿದ್ದರೆ, ಒಂದರ ಪುಟ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಲೇಖನದ ಬದಲು ಅದು ಚಂದಾದಾರರ ಖಾಸಗಿ ವಿವರವಾಗಿದ್ದರೆ ನಷ್ಟ ಸಂಸ್ಥೆಗಷ್ಟೇ ಅಲ್ಲ, ನಂಬಿದ ಓದುಗನಿಗೂ ಆಗುತ್ತದೆ.

ಕೋಡ್ ಒಂದೇ ಆದಾಗ ತಿದ್ದುಪಡಿಯಂತೆ ತಪ್ಪೂ ಎಲ್ಲ ತಾಣಗಳಿಗೆ ಹರಡುತ್ತದೆ. ಈ ಕಾರಣದಿಂದಲೇ ವಿಕಿಮೀಡಿಯಾ ಹೊಸ ಆವೃತ್ತಿಯನ್ನು ಮೊದಲು ಪರೀಕ್ಷಾ ತಾಣಗಳಿಗೆ ಅಳವಡಿಸಿ, ಬಳಿಕ ಹಂತಹಂತವಾಗಿ ಉಳಿದವುಗಳಿಗೆ ವಿಸ್ತರಿಸುತ್ತದೆ. ಎರಡೇ ತಾಣ ನಡೆಸುವ ಸಣ್ಣ ಸಂಸ್ಥೆಗೂ ಈ ಎಚ್ಚರಿಕೆ ಅಗತ್ಯ.