ಶ್ರೀಮಂತರ ಹಣ್ಣು, ಪಗಾರದವರ ಊರು

ಕಲಬುರಗಿ ಬಳಿಯ ಕಮಲಾಪುರದ ಕೆಂಪು ಬಾಳೆಗೆ ‘ಶ್ರೀಮಂತರ ಹಣ್ಣು’ ಎಂಬ ಹೆಸರು ಅಂಟಿದ್ದು ಬೆಲೆಯಿಂದ. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ದಿನ ನೀರು, ಗೊಬ್ಬರ, ಆಳಿನ ಖರ್ಚು ಹೊತ್ತ ರೈತ ಅಗ್ಗಕ್ಕೆ ಕೊಡುವುದಾದರೂ ಹೇಗೆ?

ಈ ಹಣ್ಣು ಕೊಳ್ಳುವ ತಾಕತ್ತು ಯಾರಿಗೆ ಯಾವಾಗ ಬಂತು ಎಂದು ಹುಡುಕಿದರೆ ಕಲಬುರಗಿಯ ಮಧ್ಯಮ ವರ್ಗದ ಹುಟ್ಟೇ ಎದುರಾಗುತ್ತದೆ. ನಿಜಾಮರ ಕಾಲದಲ್ಲಿ ದುಡ್ಡಾಡುತ್ತಿದ್ದುದು ಜಮೀನುದಾರರು, ಅಡತಿ ವ್ಯಾಪಾರಿಗಳು, ಬೆರಳೆಣಿಕೆಯ ಅಧಿಕಾರಿಗಳ ಕೈಯಲ್ಲಿ. ಎಂಎಸ್‌ಕೆ ಬಟ್ಟೆ ಮಿಲ್ಲು ಬಹಳ ಮನೆಗಳ ಒಲೆ ಉರಿಸಿತು, ಆಮೇಲೆ ಮುಚ್ಚಿತು.

ನಿಜವಾದ ತಿರುವು 1958. ಮಹಾದೇವಪ್ಪ ರಾಂಪುರೆ ಅವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು. ಅದುವರೆಗೆ ಶಿಕ್ಷಣದಲ್ಲಿ ಹಿಂದುಳಿದಿದ್ದ ಸೀಮೆಯಲ್ಲಿ ಇದು ಎಂಥ ಧೈರ್ಯ! ಈ ಊರು ರಾಂಪುರೆಯವರನ್ನು ಸಾಕಷ್ಟು ನೆನೆದಿಲ್ಲ ಎಂಬುದು ನನ್ನ ದೂರು. ತೊಗರಿ ಮಾರಿದ ದುಡ್ಡಲ್ಲಿ ಫೀಸು ಕಟ್ಟಿ ಓದಿದ ಮಕ್ಕಳು ಡಾಕ್ಟರು, ಎಂಜಿನಿಯರು, ಮೇಷ್ಟ್ರು ಆದರು. 1980ರಲ್ಲಿ ವಿಶ್ವವಿದ್ಯಾಲಯವೂ ಬಂತು. ತಿಂಗಳ ಪಗಾರ ಎಣಿಸುವ ಮನೆಗಳು ಹೆಚ್ಚಿದವು.

ಆ ತಲೆಮಾರು ಕೈಬಿಚ್ಚಿ ಖರ್ಚು ಮಾಡಿದ್ದಲ್ಲ. ಮೊದಲು ಪ್ಲಾಟು, ಆಮೇಲೆ ಮಗಳ ಮದುವೆಗೆಂದು ಸರಾಫ್ ಬಜಾರಿನ ಬಂಗಾರ, ಉಳಿದರೆ ಮಕ್ಕಳ ಓದು. ಕೆಂಪು ಬಾಳೆ ಬರುತ್ತಿದ್ದುದು ಹಬ್ಬಕ್ಕೆ, ಬೀಗರಿಗೆ, ಬಾಣಂತಿಗೆ.

2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ಸ್ಥಳೀಯರಿಗೆ ನೌಕರಿ, ಸೀಟು ಮೀಸಲಾದ ಮೇಲೆ ಕೊಳ್ಳುವವರ ಸಾಲು ಇನ್ನೂ ಬೆಳೆಯಿತು. ಈಗ ಕಾರಿನ ಕಂತಿದೆ, ಮಾಲಿದೆ. 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣವೂ ತೆರೆಯಿತು. ಹಣ್ಣಿನಂಗಡಿಯಲ್ಲಿ ಸ್ಟಿಕರ್ ಹಚ್ಚಿದ ಪರದೇಶಿ ಸೇಬು, ಕಿವಿ ಹಣ್ಣು ಸಾಲಾಗಿ ಕೂತಿವೆ.

ನನಗೆ ಸಿಟ್ಟು ಬರುವುದು ಇಲ್ಲೇ. ಕೊಳ್ಳುವ ಶಕ್ತಿ ಇಲ್ಲದಾಗ ಆಸೆಪಟ್ಟ ಹಣ್ಣನ್ನು ಶಕ್ತಿ ಬಂದಾಗ ನಾವು ಕೇಳುವುದನ್ನೇ ಬಿಟ್ಟೆವು. ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕರೂ ಕಮಲಾಪುರದ ಸುತ್ತ ಅದರ ತೋಟಗಳು ಕಡಿಮೆಯಾಗುತ್ತ ಬಂದಿವೆ. ಒಂದೂವರೆ ವರ್ಷ ಕಾಯುವ ಬೆಳೆಗೆ ಖಾತ್ರಿ ಗಿರಾಕಿ ಇಲ್ಲದಿದ್ದರೆ ರೈತ ಬೇರೆ ಬೆಳೆಗೆ ಹೊರಳುವುದು ತಪ್ಪಲ್ಲ.

ತೋಟಗಾರಿಕೆ ಇಲಾಖೆ ಸಸಿ ಕೊಡಲಿ, ನಗರದಲ್ಲೇ ಮಾರಾಟ ಮಳಿಗೆ ತೆರೆಯಲಿ. ಬೀದರ್ ರಸ್ತೆ ಹಿಡಿದು ಕಮಲಾಪುರ ದಾಟುವವರು ಗಾಡಿ ನಿಲ್ಲಿಸಿ, ರೈತ ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಒಂದು ಡಜನ್ ಕೊಳ್ಳಲಿ.